ನೇರ ಗೆರೆ, ಮುರಿದ ಕುಂಟೆ

ಗದಗ ತಾಲೂಕಿನ ಮುಳಗುಂದದ ವೆಲ್ಡಿಂಗ್ ಅಂಗಡಿಗೆ ಬರುವ ಕುಂಟೆಗಳಲ್ಲಿ ಒಂದೇ ಥರ ಮುರಿದವು ಎರಡು ಸಿಗುವುದಿಲ್ಲ. ರೋಬೋಟ್ ಇನ್ನೂ ಈ ಊರಿಗೆ ಬಾರದಿರಲು ಅದೊಂದು ಕಾರಣ. ಹೊಲದೊಳಗಿನ ಕಲ್ಲಿಗೆ ಶಿಸ್ತಿಲ್ಲ.

*

ವೆಲ್ಡರ್ ಇವತ್ತು ಯಂತ್ರಕ್ಕೆ ಹೆದರುತ್ತಾನೆ. ಒಂದು ಕಾಲಕ್ಕೆ ಅವನನ್ನು ಕಂಡು ಕಂಬಾರ ಹೆದರಿದ್ದ. ಎರಡು ತುಂಡು ಕಬ್ಬಿಣವನ್ನು ಕುಲುಮೆಯಲ್ಲಿ ಬೆಳ್ಳಗೆ ಕಾಯಿಸಿ, ಬಡಿಬಡಿದು ಒಂದು ಮಾಡುತ್ತಿದ್ದ ಕೆಲಸವನ್ನು ಒಂದು ರಾಡು ಉರಿಯುವಷ್ಟರಲ್ಲಿ ಮುಗಿಸಿದವನು ಇವನೇ. ಆಗ ತಿದಿ ಊದುತ್ತಿದ್ದ ಹುಡುಗ ಎಲ್ಲಿಗೆ ಹೋದ ಎಂದು ಯಾರೂ ಕೇಳಲಿಲ್ಲ.

*

ಕಂಬಾರನಿಗೆ ಸುಗ್ಗಿಯಲ್ಲಿ ಕಣದಿಂದ ಆಯ ಬರುತ್ತಿತ್ತು. ವೆಲ್ಡರ್‌ಗೆ ಕೆಲಸ ಮುಗಿದ ಕೂಡಲೇ ರೊಕ್ಕ. ಯಂತ್ರ ಬಂದಾಗ ದುಡಿಯುವ ರೀತಿಯ ಜೊತೆಗೆ ಕೊಡುವ ರೀತಿಯೂ ಬದಲಾಗುತ್ತದೆ. ನಮ್ಮ ಕಣ್ಣು ಕಿಡಿಯ ಮೇಲೆ ಇರುವುದರಿಂದ ಎರಡನೆಯದು ಕಾಣುವುದಿಲ್ಲ.

*

2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರನಿದ್ದಾನೆ, ವೆಲ್ಡರ್ ಇಲ್ಲ. ಕುಲುಮೆ ಆರುತ್ತ ಬಂದಾಗ ಪಟ್ಟಿಯಲ್ಲಿ ಹೆಸರು ಏರುತ್ತದೆ. ಆ ಲೆಕ್ಕಕ್ಕೆ ವೆಲ್ಡರ್‌ನ ಹೆಸರು ಇನ್ನೂ ಬಾರದಿರುವುದು ಶುಭಸೂಚನೆಯೇ.

*

1961ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆ ಸೇರಿದ ಯೂನಿಮೇಟ್, ಕಾರ್ಖಾನೆ ದುಡಿಮೆಗೆ ಇಳಿದ ಮೊದಲ ರೋಬೋಟ್. ಅದಕ್ಕೆ ಕೊಟ್ಟ ಕೆಲಸ, ಅಚ್ಚಿನಿಂದ ಸುಡುವ ಲೋಹದ ತುಂಡು ಎತ್ತಿಡುವುದು. ಯಾರಿಗೂ ಬೇಡವಾದ ಕೆಲಸದ ಬಾಗಿಲಿನಿಂದಲೇ ಯಂತ್ರ ಒಳಗೆ ಬರುತ್ತದೆ. ಮೊದಲು ಪಡಸಾಲೆಯಲ್ಲಿ ಕೂರುತ್ತದೆ, ಅಡುಗೆಮನೆಗೆ ಆಮೇಲೆ ಬರುತ್ತದೆ.

*

ವೆಲ್ಡಿಂಗ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುವಂಥದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2017ರಲ್ಲಿ ನಿರ್ಣಯಿಸಿತು. ಆ ಹೊಗೆಯನ್ನು ಯಂತ್ರ ಕುಡಿದರೆ ಕುಡಿಯಲಿ. ವೆಲ್ಡಿಂಗ್ ಬೆಳಕಿಗೆ ಕಣ್ಣಲ್ಲಿ ಉಸುಕು ಬಿದ್ದಂತಾಗಿ, ರೆಪ್ಪೆಯ ಮೇಲೆ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ರಾತ್ರಿ ಕಳೆದವರು ಹಳೆಯ ಕಸುಬನ್ನು ಹಾಡಿ ಹೊಗಳುವುದಿಲ್ಲ.

*

ಒಂದು ಕಾರಿನ ಬಾಡಿಗೆ ಸಾವಿರಾರು ಸ್ಪಾಟ್ ವೆಲ್ಡ್. ಮುಂದಿನ ಕಾರಿಗೂ ಅಷ್ಟೇ, ಅದೇ ಜಾಗದಲ್ಲಿ. ಅಲ್ಲಿ ರೋಬೋಟನ್ನು ಸೋಲಿಸುವವರಿಲ್ಲ. ಒಂದೇ ಒಂದು ಗೇಟು ಬೇಕಾದ ಮನೆಯಲ್ಲಾದರೆ, ರೋಬೋಟಿಗೆ ಕಲಿಸುವಷ್ಟರಲ್ಲಿ ನಮ್ಮ ವೆಲ್ಡರ್ ಗೇಟು ನಿಲ್ಲಿಸಿ ಚಹಾ ಕುಡಿಯುತ್ತಿರುತ್ತಾನೆ.

*

ಕಪ್ಪತಗುಡ್ಡದ ಸಾಲಿನಲ್ಲಿ ತಿರುಗುವ ಗಾಳಿಯಂತ್ರಗಳಂಥವುಗಳ ಉಕ್ಕಿನ ಕಂಬವೆಂದರೆ ಕೊಳವೆಯಾಗಿ ಸುತ್ತಿ ಬೆಸೆದ ದಪ್ಪ ತಗಡು. ಅಂಥ ಉದ್ದ ಗೆರೆ ಹಾಕುವುದು ಸಬ್‌ಮರ್ಜ್ಡ್ ಆರ್ಕ್ ಯಂತ್ರ. ಫ್ಲಕ್ಸ್ ಪುಡಿಯ ರಾಶಿಯೊಳಗೇ ತಂತಿ ಕರಗುತ್ತದೆ. ಬೆಳಕು ಕಾಣದು, ಕಿಡಿ ಹಾರದು. ಪಕ್ಕದಲ್ಲಿ ನಿಂತ ಆಪರೇಟರ್ ಮೀಟರಿನ ಅಂಕಿ ನೋಡುತ್ತಾನೆ. ಕಾಣದ ಕೆಲಸವನ್ನು ಕಾಯುವ ಈ ಹೊಸ ಕಸುಬು ಆರಾಮದ್ದು ಎನ್ನುವವರು ಎಂಟು ತಾಸು ನಿಂತು ನೋಡಲಿ.

*

ಫಿಕ್ಸ್‌ಚರಿನಲ್ಲಿ ತುಂಡು ಕೂಡಿಸಿದ ಮೇಲೆ ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಯಂತ್ರಗಳಿವೆ. ಕೈ ಒಳಗೆ ಸಿಗಬಾರದೆಂದು ಆ ಏರ್ಪಾಡು, ಒಳ್ಳೆಯದೇ. ಆದರೆ ಐಟಿಐಯಲ್ಲಿ ಒಂದು ವರ್ಷ ಹೋಲ್ಡರ್ ಹಿಡಿದು ಪಳಗಿದ ಕೈಗೆ ಕೊನೆಗೆ ಸಿಕ್ಕ ಕೆಲಸ, ಕೆಲಸದಿಂದ ದೂರ ಇರುವುದು.

*

ರೋಬೋಟಿನ ಕೈಗೆ ದಾರಿ ತೋರಿಸಿದವನೂ ಒಬ್ಬ ವೆಲ್ಡರೇ. ಕಲಿಸಿದ್ದಕ್ಕೆ ಅವನಿಗೆ ಸಿಗುವುದು ಆ ದಿನದ ಪಗಾರ. ಕಲಿತದ್ದರಿಂದ ಯಂತ್ರ ಗಳಿಸಿಕೊಡುವುದು ತಾನು ಸವೆಯುವ ತನಕ.

*

ಎಣ್ಣೆ ತುಂಬಿದ ಹಳೆಯ ಟ್ರಾನ್ಸ್‌ಫಾರ್ಮರ್ ಮಷಿನ್ ಸರಿಸಲು ನಾಲ್ಕು ಆಳು ಬೇಕಿತ್ತು. ಇನ್ವರ್ಟರ್ ಮಷಿನ್ ಹೆಗಲಿಗೆ ಜೋತುಬಿದ್ದು ಬೈಕಿನಲ್ಲಿ ಹೊಲಕ್ಕೆ ಹೋಗುತ್ತದೆ. ರಾಡು ಅಂಟಿಕೊಂಡರೆ ತಾನೇ ಕರೆಂಟು ತಗ್ಗಿಸುತ್ತದೆ. ಕೈಯ ಜಾಣತನದಲ್ಲಿ ಒಂದು ಪಾಲು ಆಗಲೇ ಪೆಟ್ಟಿಗೆಯೊಳಗೆ ಹೋಯಿತು. ಆದರೂ ಯಾರೂ ಹೆದರಲಿಲ್ಲ, ಪೆಟ್ಟಿಗೆ ಅವರದೇ ಆಗಿತ್ತು.

*

ಇದೇ ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಒಬ್ಬನಿಗೆ ಹುಟ್ಟದ ಸಾಲ ಊರಿಗೆ ಹುಟ್ಟುತ್ತದೆ ಎಂಬುದು ಅದರ ತಿರುಳು. ಒಬ್ಬ ವೆಲ್ಡರ್‌ನ ಕೈಗೆಟುಕದ ಕಟಿಂಗ್ ಯಂತ್ರ ಹತ್ತು ಮಂದಿಗೆ ಎಟುಕಬಾರದೇಕೆ? ನೂರು ವರ್ಷ ದಾಟಿದರೂ ಕಣಗಿನಹಾಳ ಇದ್ದಲ್ಲೇ ಇದೆ. ದಾರಿ ಮರೆತವರು ನಾವು.

*

ಗದಗಿನ ಮುದ್ರಣಾಲಯಗಳಲ್ಲಿ ಅಕ್ಷರದ ಮೊಳೆ ಜೋಡಿಸುವ ಕೈಗಳು ಒಂದು ದಿನ ಬೇಡವಾದವು. ಕಾಗುಣಿತ ತಿದ್ದುವ ಕಣ್ಣು ಮಾತ್ರ ಮೊದಲಿಗಿಂತ ಹೆಚ್ಚು ಬೇಕಾಯಿತು. ಕಣ್ಣು ತಯಾರಾಗುತ್ತಿದ್ದದ್ದು ಮೊಳೆ ಜೋಡಿಸುತ್ತ ಕೂತ ಹೊತ್ತಿನಲ್ಲಿ ಎಂದು ಆಮೇಲೆ ತಿಳಿಯಿತು. ಇವತ್ತಿನ ಲಗ್ನಪತ್ರಿಕೆ ಓದಿ ನೋಡಿ.

*

ಕನ್ನಡಕ್ಕೆ ಸಂಸ್ಕೃತ ಬೆರೆಸುವುದೆಂದರೆ ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಆಕ್ಷೇಪಿಸಿದ ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದದ್ದು ಮುಳಗುಂದದಲ್ಲಿ. ಯಾವುದು ಯಾವುದರೊಡನೆ ಕೂಡುತ್ತದೆ ಎಂಬುದು ಈ ಊರಿನ ಹಳೆಯ ಪ್ರಶ್ನೆ. ಒಡೆದ ಪಂಪು ತಂದರೆ ವೆಲ್ಡರ್ ಮೊದಲು ಗ್ರೈಂಡರ್ ತಾಗಿಸಿ, ಬೀಡುಕಬ್ಬಿಣವೇ ಎಂದು ಕಿಡಿ ನೋಡುತ್ತಾನೆ. ಬೀಡಿಗೆ ಸಾದಾ ರಾಡು ಹಚ್ಚಿದರೆ ತಣಿಯುವಾಗ ಮತ್ತೆ ಸೀಳುತ್ತದೆ. ಕೂಡಿಸುವ ಕಸುಬಿನಲ್ಲಿ ಅರ್ಧ ಜಾಣತನ ಕೂಡದ್ದನ್ನು ಗುರುತಿಸುವುದು.

*

ಅಂದಹಾಗೆ, ಅಂಗಡಿಯಲ್ಲಿ ಯಾರೂ ‘ಬೆಸುಗೆ’ ಎನ್ನುವುದಿಲ್ಲ, ‘ವೆಲ್ಡಿಂಗ್’ ಎನ್ನುತ್ತಾರೆ. ನಯಸೇನನಿಗೆ ಸಿಟ್ಟು ಬರಬಹುದು. ಜೋಡು ಮಾತ್ರ ಗಟ್ಟಿಯಾಗಿ ಕೂತಿದೆ.

*

ಹುಡುಗ ಕಸುಬು ಕಲಿಯುವುದು ಸುಲಭದ ಕೆಲಸದಲ್ಲಿ: ಸಮತಟ್ಟು ತಗಡು, ನೇರ ಗೆರೆ. ಯಂತ್ರ ಮೊದಲು ಒಯ್ಯುವುದೂ ಅದನ್ನೇ. ತಲೆಯ ಮೇಲಿನ ಜೋಡು, ಬೀಡಿನ ಬಿರುಕು, ಮುರಿದ ಕುಂಟೆ ಉಳಿಯುತ್ತವೆ. ಅವು ಕೇಳುವುದು ಹತ್ತು ವರ್ಷ ಪಳಗಿದ ಕೈ. ಲಕ್ಕುಂಡಿಯ ಮುಸುಕಿನ ಬಾವಿಯ ಮೇಲಿನ ನಾಲ್ಕು ಮೆಟ್ಟಿಲು ಕಿತ್ತು, ಒಳಗೆ ನೀರಿದೆ ಇಳಿಯಿರಿ ಎಂದಂತೆ.

*

ಅಲ್ಲಲ್ಲಿ ಚುಕ್ಕೆಯಷ್ಟೇ ಟ್ಯಾಕ್ ಹೊಡೆದ ಜೋಡು ನೋಡಲು ಕೂಡಿದಂತೆಯೇ ಇರುತ್ತದೆ. ಮೂರು ತಿಂಗಳ ತರಬೇತಿಯ ಸರ್ಟಿಫಿಕೇಟೂ ಹಾಗೆಯೇ. ಭಾರ ಬೀಳುವ ತನಕ ಎರಡರ ದೌರ್ಬಲ್ಯವೂ ತಿಳಿಯದು.

*

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ. ಅಂಗಡಿ ಮುಂದೆ ಕುಂಟೆಗಳ ಸಾಲು, ಗಿರಾಕಿಗಳ ಅವಸರ. ಅದರ ನಡುವೆಯೇ ಮಾಲೀಕ ಹುಡುಗನ ಕೈಗೆ ಹೋಲ್ಡರ್ ಕೊಟ್ಟು, ಗುಜರಿ ತಗಡು ತೋರಿಸಿ, “ಮೊದಲ ಇದರ ಮ್ಯಾಲೆ ಗೆರಿ ಎಳಿಯೋ ತಮ್ಮ” ಅಂದ. ಗೆರೆ ಸೊಟ್ಟ ಬಂತು. ಇನ್ನೊಂದು ರಾಡು ಕೊಟ್ಟ. ಅದೂ ಸೊಟ್ಟ. ಹೀಗೆ ಹಾಳಾಗುವ ರಾಡುಗಳ ರೊಕ್ಕವನ್ನು ಇಷ್ಟು ದಿನ ಈ ಅಂಗಡಿಯವರೇ ತುಂಬಿದರು. ಯಂತ್ರದಿಂದ ಲಾಭ ಎಷ್ಟೆಂದು ಲೆಕ್ಕ ಹಾಕುವವರು ಆ ಸೊಟ್ಟ ಗೆರೆಯ ಖರ್ಚನ್ನು ಯಾರ ಹೆಸರಿಗೆ ಬರೆಯುತ್ತಾರೆ ಎಂದು ನೋಡಬೇಕು. ಮುಂದೆ ಕುಂಟೆ ಮುರಿದ ದಿನ ಊರಿಗೆ ಒದಗುವುದು ಅದೇ ಬಂಡವಾಳ.