ನನ್ನ ಪಾಲಿನ ಒಂದು ಪೆಟ್ಟು

ಮಾರ್ಚ್ ಕೊನೆಯ ಶನಿವಾರ, ಬೆಳಿಗ್ಗೆ ಒಂಬತ್ತು. ಪೆನ್ಸಿಲ್ವೇನಿಯಾದ ಒಂದು ಹೈಸ್ಕೂಲಿನ ಪಾರ್ಕಿಂಗ್ ಜಾಗ. ಮೂಲೆಗೆ ತಳ್ಳಿದ ಹಿಮದ ಗುಡ್ಡೆ ಮಸಿ ಹಿಡಿದು ಕೂತಿದೆ. ಸ್ಪೀಕರಿಗೆ ಸಿಕ್ಕಿಸಿದ ಮೆಟ್ರೊನೋಮ್ ಯಾರ ಮುಲಾಜೂ ಇಲ್ಲದೆ ಟಕ್ ಟಕ್ ಎನ್ನುತ್ತಿದೆ. ಹೆಗಲಿನಿಂದ ಒಂದೊಂದು ಬಾಸ್ ಡ್ರಮ್ ಹೊತ್ತು ಐದು ಜನ ಒಬ್ಬರ ಹಿಂದೊಬ್ಬರು ನಿಂತಿದ್ದೇವೆ. ಮೊದಲನೆಯ ಡ್ರಮ್ಮಿನ ಅಗಲ 18 ಇಂಚು, ಕೊನೆಯದರದು 30. ಮೂರನೆಯದು ನನ್ನದು. ನನಗೀಗ 56. ನನ್ನ ಮುಂದೆ ನಿಂತವನಿಗೆ 19. ನನ್ನ ಮಗನಿಗಿಂತ ಐದು ವರ್ಷ ಚಿಕ್ಕವನು, ನನ್ನನ್ನು ‘ಡ್ಯೂಡ್’ ಅನ್ನುತ್ತಾನೆ. ನುಡಿಸುವಾಗ ಅವನ ಮುಖ ನಾನು ಕಂಡದ್ದೇ ಇಲ್ಲ. ಅವನ ಕುತ್ತಿಗೆಯ ಹಿಂಭಾಗ ಮಾತ್ರ ಚೆನ್ನಾಗಿ ಪರಿಚಯ.

ಈ ಕೂಟಕ್ಕೆ ಡ್ರಮ್ ಕೋರ್ ಎನ್ನುತ್ತಾರೆ. ಬರೆಯುವಾಗ ಕಾರ್ಪ್ಸ್, ಕರೆಯುವಾಗ ಕೋರ್. ಹಿತ್ತಾಳೆಯ ವಾದ್ಯಗಳು, ಡ್ರಮ್ಮುಗಳು, ಬಾವುಟ ತಿರುಗಿಸುವವರು ಸೇರಿ ಫುಟ್ಬಾಲ್ ಮೈದಾನದಲ್ಲಿ ನಡೆಯುತ್ತ ನುಡಿಸುವ ಹತ್ತು-ಹನ್ನೆರಡು ನಿಮಿಷದ ಆಟ. ಅದಕ್ಕೆ ತಿಂಗಳುಗಟ್ಟಲೆ ತಯಾರಿ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು 1919ರಲ್ಲಿ ಅಮೆರಿಕನ್ ಲೀಜನ್ ಎಂಬ ಸಂಘ ಕಟ್ಟಿಕೊಂಡರು. ಅದರ ಊರೂರಿನ ಶಾಖೆಗಳು ಕಹಳೆ, ಡ್ರಮ್ಮು ಹಿಡಿದು ಬೀದಿಗಿಳಿದಲ್ಲಿಂದ ಇದು ಬೆಳೆಯಿತು. ಅಂದರೆ ಶುರುಮಾಡಿದವರಲ್ಲಿ ಹೆಂಡತಿ ಮಕ್ಕಳಿದ್ದ ಗಂಡಸರೂ ಇದ್ದರು. ಆಮೇಲೆ ಎಳೆಯರ ತಂಡಗಳು ಬಂದು ಅವೇ ದೊಡ್ಡವಾದವು. ಆ ಎಳೆಯರಿಗಾಗಿ ಡಿ.ಸಿ.ಐ. ಎಂಬ ಸಂಸ್ಥೆ ಹುಟ್ಟಿ, 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಸಿತು. ಆ ತಂಡಗಳಲ್ಲಿ ವಯಸ್ಸು 22 ಆದರೆ ಮುಗಿಯಿತು. ‘ಏಜ್ ಔಟ್’ ಎನ್ನುತ್ತಾರೆ. ಆಗಸ್ಟ್‌ನಲ್ಲಿ, ಕೊನೆಯ ಪ್ರದರ್ಶನದ ರಾತ್ರಿ ಇಪ್ಪತ್ತೊಂದು-ಇಪ್ಪತ್ತೆರಡರ ಮಕ್ಕಳು ಒಬ್ಬರನ್ನೊಬ್ಬರು ತಬ್ಬಿ ಅಳುವುದನ್ನು ನೋಡಿದರೆ, ಹಾಸನದ ಕಡೆಯ ಹಬ್ಬದಲ್ಲಿ ಮೊಮ್ಮಗನ ಪಕ್ಕ ನಿಂತು ಡೊಳ್ಳು ಬಡಿಯುತ್ತಿದ್ದ ಅಜ್ಜ ನೆನಪಾಗುತ್ತಾನೆ. ಅವನನ್ನು ಯಾರೂ ವಯಸ್ಸು ಕೇಳಿರಲಿಲ್ಲ. ಪುಣ್ಯಕ್ಕೆ ದೊಡ್ಡವರ ದಾರಿಯೂ ಇಲ್ಲಿ ಮುಚ್ಚಿಲ್ಲ. ನ್ಯೂಜೆರ್ಸಿಯ ಹಾಥಾರ್ನ್ ಕ್ಯಾಬಲೆರೋಸ್ ತಂಡ 1946ರದ್ದು. ದೊಡ್ಡವರ ಚಾಂಪಿಯನ್‌ಷಿಪ್ 1965ರಲ್ಲಿ ಶುರುವಾಯಿತು. 2024ರಿಂದ ಅದು ಡಿ.ಸಿ.ಐ. ಒಳಗೇ ‘ಆಲ್-ಏಜ್’ ಎಂಬ ವರ್ಗವಾಗಿ ಸೇರಿಕೊಂಡಿದೆ. ನಾನು ತೂರಿಕೊಂಡದ್ದು ಈ ಬಾಗಿಲಿನಿಂದ.

ಹದಿನೈದರ ವಯಸ್ಸಿನಲ್ಲಿ ನಮ್ಮೂರ ಹೈಸ್ಕೂಲಿನ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಹೊಡೆಯುತ್ತಿದ್ದೆ. ಮಲೆನಾಡಿನ ಮಳೆಗೆ ಚರ್ಮ ಸಡಿಲವಾಗಿ ಡ್ರಮ್ಮು ಕೆಮ್ಮಿದ ಹಾಗೆ ಕೇಳುತ್ತಿತ್ತು. ಆಗಸ್ಟ್ 14ರ ರಾತ್ರಿ ಬಚ್ಚಲ ಒಲೆಯ ಮುಂದೆ ಹಿಡಿದು ಕಾಯಿಸುತ್ತಿದ್ದೆವು. ಕೈಗೆ ಎರಡೆರಡು ಪೆಟ್ಟಿನ ಪಾಠವನ್ನು ಪಿ.ಟಿ. ಮೇಷ್ಟ್ರು ‘ಡ್ಯಾಡಿ-ಮಮ್ಮಿ’ ಎಂದು ಹೇಳಿಕೊಟ್ಟಿದ್ದರು. ಎಸ್‌ಎಸ್‌ಎಲ್‌ಸಿ ಬಂತು, ಕೋಲು ಕೆಳಗಿಟ್ಟೆ. ಮೂವತ್ತೇಳು ವರ್ಷ ಮುಟ್ಟಲಿಲ್ಲ. ಮತ್ತೆ ಕೋಲು ಹಿಡಿದ ದಿನ ಕೈ ತಾನಾಗಿ ಡ್ಯಾಡಿ-ಮಮ್ಮಿ ಎಂದಿತು! ಅಷ್ಟು ವರ್ಷ ಅದು ಎಲ್ಲಿತ್ತು? ಫೋನ್ ನಂಬರುಗಳು ಹೋದವು, ಓದಿದ ಕಾದಂಬರಿಗಳ ಕಥೆ ಹೋಯಿತು, ಕೆಲವು ನೆಂಟರ ಹೆಸರೂ ಹೋದವು. ಇದು ಮಾತ್ರ ಬಾಡಿಗೆ ಕೊಡದೆ ಮಣಿಕಟ್ಟಿನಲ್ಲಿ ಕೂತಿತ್ತು.

ಹಾಗೆಂದು ಕೈ ಹದಿನೈದರದ್ದಾಗಿ ಉಳಿದಿರಲಿಲ್ಲ. ಮೊದಲು ಸ್ನೇರ್‌ಗೆ, ಅಂದರೆ ನಮ್ಮ ಸೈಡ್ ಡ್ರಮ್ಮಿಗೇ, ಪ್ರಯತ್ನಿಸಿದೆ. ಈಗಿನ ಮಾರ್ಚಿಂಗ್ ಸ್ನೇರಿನ ಹೊದಿಕೆ ಕೆವ್ಲಾರ್ ನೂಲಿನದು. 1965ರಲ್ಲಿ ಡುಪಾಂಟ್‌ನ ಸ್ಟೆಫನಿ ಕ್ವೊಲೆಕ್ ಕಂಡುಹಿಡಿದ, ಗುಂಡು ತಡೆಯುವ ಅಂಗಿಗೆ ಬಳಸುವ ನಾರು ಅದು. ಅದನ್ನು ಬಿಗಿದರೆ ಮೇಜಿನ ಹಲಗೆಯಷ್ಟು ಗಟ್ಟಿ. ಗುಂಡನ್ನೇ ನಿಲ್ಲಿಸುವುದು ನನ್ನ ಕೋಲನ್ನು ಬಿಟ್ಟೀತೇ? ಪ್ರತಿ ಪೆಟ್ಟೂ ಮೊಣಕೈವರೆಗೆ ವಾಪಸು ಬಂತು. ಒಂದು ತಿಂಗಳು ಐಸ್ ಕಟ್ಟಿಕೊಂಡು ತಿರುಗಿದ ಮೇಲೆ ಬಾಸ್ ಸಾಲಿಗೆ ಬಂದೆ. ಇಲ್ಲಿ ಇನ್ನೊಂದು ಅನುಕೂಲ. ಸ್ನೇರಿನವರು ಪ್ರೇಕ್ಷಕರಿಗೆ ಎದೆ ಕೊಟ್ಟೇ ಅಕ್ಕಪಕ್ಕ ಸರಿಯಬೇಕು, ಕಾಲಿಗೆ ಕಾಲು ಹೆಣೆದು ಏಡಿಯ ಹಾಗೆ. ಬಾಸ್‌ನವರು ಪಕ್ಕಕ್ಕೆ ತಿರುಗಿ ನಿಂತಿರುವುದರಿಂದ ಅದೇ ಚಲನೆಯನ್ನು ನೆಟ್ಟಗೆ ನಡೆದೇ ಮುಗಿಸುತ್ತೇವೆ. ನನ್ನ ಮಂಡಿಗಳು ಇದಕ್ಕೆ ಕೃತಜ್ಞವಾಗಿವೆ.

ಸ್ನೇರಿನವರೆಲ್ಲ ಬಹುಪಾಲು ಒಂದೇ ಮಾತನ್ನು ಒಟ್ಟಿಗೆ ಆಡುತ್ತಾರೆ. ನಾವು ಐವರು ಒಂದು ಮಾತನ್ನು ಅಕ್ಷರ ಅಕ್ಷರವಾಗಿ ಹಂಚಿಕೊಂಡು ಆಡುತ್ತೇವೆ. ತಕಧಿಮಿ ಎನ್ನಬೇಕೆಂದಿಟ್ಟುಕೊಳ್ಳಿ. ‘ತ’ ಮೊದಲಿನವನದು, ‘ಕ’ ಡ್ಯೂಡ್ ಅನ್ನುವವನದು, ‘ಧಿ’ ನನ್ನದು, ‘ಮಿ’ ನನ್ನ ಹಿಂದೆ ನಿಂತ, ಹಲ್ಲಿನ ಡಾಕ್ಟರ ಬಳಿ ಕೆಲಸ ಮಾಡುವ ಹೆಂಗಸಿನದು. ಆಮೇಲೆ ಬಂದು ಕೂರುವ ‘ತಾಂ’ ಕೊನೆಯ ದೊಡ್ಡ ಡ್ರಮ್ಮಿನದು. ನಿಮಿಷಕ್ಕೆ 160 ಎಣಿಕೆಯ ನಡೆಯಲ್ಲಿ ಒಂದು ಅಕ್ಷರಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಸಿಗುವುದಿಲ್ಲ. ಮುಂದಿನವನ ಪೆಟ್ಟು ಕಿವಿಗೆ ಬಿದ್ದ ಮೇಲೆ ಹೊಡೆಯೋಣ ಎಂದುಕೊಂಡರೆ ನನ್ನ ಸರದಿ ದಾಟಿಯೇ ಹೋಗಿರುತ್ತದೆ. ಅವನು ಹೊಡೆಯುವ ಮೊದಲೇ, ಅವನು ಹೊಡೆದೇ ಹೊಡೆಯುತ್ತಾನೆಂದು ನನ್ನ ಕೋಲು ಹೊರಟಿರಬೇಕು. ಒಬ್ಬರಿಗೆ ತೂಕಡಿಕೆ ಬಂದರೂ ಮಾತು ಹಲ್ಲು ಬಿದ್ದ ಬಾಯಿಯಾಗುತ್ತದೆ. ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡಿದರೆ ಕೇಳುವವರಿಗೆ ನಗು. ಗೋಡೆ ನೋಡುತ್ತ ನಿಂತ ಗಂಡಸು ಆಗೊಮ್ಮೆ ಈಗೊಮ್ಮೆ ಒಂದು ‘ದುಂ’. “ಇದಕ್ಕಾ ಅಷ್ಟು ದೂರ ಡ್ರೈವ್ ಮಾಡ್ಕೊಂಡು ಹೋಗೋದು?” ಎಂದು ನನ್ನ ಹೆಂಡತಿ ಕೇಳಿದ್ದುಂಟು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮೈದಾನ. ಒಂದು ಗೋಲ್ ಗೆರೆಯಿಂದ ಇನ್ನೊಂದಕ್ಕೆ 91 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಮ್ಮ ಆ ಒಂದು ಅಕ್ಷರದ ಹೊತ್ತಿನಲ್ಲಿ ಅದು 30 ಮೀಟರ್ ಚಿಲ್ಲರೆ ದಾಟುತ್ತದೆ. ಅಂದರೆ ನಾನು ‘ಧಿ’ ಎಂದದ್ದು 30 ಮೀಟರ್ ಆಚೆ ನಿಂತ ಟ್ರಂಪೆಟ್ಟಿನವಳನ್ನು ಮುಟ್ಟುವಾಗ ಇಲ್ಲಿ ‘ಮಿ’ ನಡೆಯುತ್ತಿರುತ್ತದೆ. ಅವಳು ನಿರ್ದೇಶಕನ ಕೈಯನ್ನು ಕಣ್ಣಿನಿಂದ ಹಿಡಿದರೆ ಒಂದು ಕಾಲ, ನನ್ನ ಡ್ರಮ್ಮನ್ನು ಕಿವಿಯಿಂದ ಹಿಡಿದರೆ ಇನ್ನೊಂದು. ಇದಕ್ಕೆ ಇಲ್ಲಿನವರ ಸೂತ್ರ ಎರಡೇ ಪದ: ‘ಲಿಸನ್ ಬ್ಯಾಕ್’, ಹಿಂದಿನದಕ್ಕೆ ಕಿವಿ ಕೊಡು. ಡ್ರಮ್ಮಿನವರು ಹಿಂದೆ ನಿಂತು ಕೈ ನೋಡಿ ನುಡಿಸುತ್ತಾರೆ. ಮುಂದಿನವರು ಕಣ್ಣನ್ನು ನಂಬದೆ, ಹಿಂದಿನಿಂದ ಬಂದ ಸದ್ದು ತಮ್ಮನ್ನು ದಾಟುವ ಕ್ಷಣಕ್ಕೆ ತಮ್ಮದನ್ನು ಸೇರಿಸುತ್ತಾರೆ. ಹೋಗುವ ಬಸ್ಸಿಗೆ ದಾರಿಯಲ್ಲಿ ಹತ್ತಿಕೊಂಡ ಹಾಗೆ. ಎಲ್ಲ ಸದ್ದೂ ಜೊತೆಯಾಗಿ ಗ್ಯಾಲರಿಯ ನಡುವೆ ಕೂತವರ ಕಿವಿಗೆ ಇಳಿಯುತ್ತದೆ. ಅವರು ‘ಎಂಥ ಒಗ್ಗಟ್ಟು’ ಎಂದು ಚಪ್ಪಾಳೆ ತಟ್ಟುತ್ತಾರೆ. ಮೈದಾನದಲ್ಲಿ ನಾವು ಯಾರೂ ಒಟ್ಟಿಗೆ ನುಡಿಸಿರುವುದಿಲ್ಲ! ಆ ಸಂಗೀತ ಹುಟ್ಟುವುದೇ ಗ್ಯಾಲರಿಯಲ್ಲಿ, ನಾವ್ಯಾರೂ ಇಲ್ಲದ ಕಡೆ. ವಯಸ್ಸಾದಂತೆ ಮೊದಲು ಮಾಸುವುದು ತೆಳುವಾದ ಸದ್ದು. ಸ್ನೇರಿನ ಕಿರುಗುಟ್ಟುವ ಅಂಚು ನನಗೆ ಈಗಲೇ ಮಸಕು, ಸಾಲದ್ದಕ್ಕೆ ಕಿವಿಗೆ ಬೆಣೆ ಬೇರೆ. ಆದರೂ ಇಲ್ಲಿ ನಿಂತವರಲ್ಲಿ ಎಳೆಗಿವಿಯ ಹುಡುಗನಿಗೂ ಪೂರ್ತಿ ಕೇಳುವುದಿಲ್ಲವಲ್ಲ ಎಂಬ ಒಂದು ಸಣ್ಣ ದುಷ್ಟ ಸಮಾಧಾನ.

ಹೋದ ಜುಲೈಯಲ್ಲಿ ಮಂಡಿ ಊದಿತು. ಒಂದು ಶನಿವಾರ ಗ್ಯಾಲರಿಯಲ್ಲಿ ಕೂತು ನೋಡು ಎಂದರು. ಐವತ್ತು ಗಜದ ಗೆರೆಯ ನೇರಕ್ಕೆ, ಬಿಸಿಲಿಗೆ ಕಾದ ಅಲ್ಯುಮಿನಿಯಂ ಬೆಂಚಿನ ಮೇಲೆ, ಐಸಿನ ಚೀಲ ಹಿಡಿದು ಕೂತೆ. ಮೈದಾನದಲ್ಲಿ ನಾಲ್ಕು ಬಾಸ್, ನಡುವೆ ನನ್ನಷ್ಟು ಅಗಲದ ಜಾಗ. ಆ ಜಾಗ ಉಳಿದವರ ಜೊತೆಗೇ ನಡೆಯುತ್ತಿತ್ತು. ಅವರು ತಿರುಗಿದರೆ ತಿರುಗುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ನಾವು ಹಂಚಿಕೊಂಡು ಆಡುವ ಮಾತು ಬಂತು. ತ, ಕ, ಇಲ್ಲ, ಮಿ, ತಾಂ. ಎರಡು ವರ್ಷದಲ್ಲಿ ಮೊದಲ ಸಲ ಆ ಸಾಲನ್ನು ಹೊರಗಿನಿಂದ ಕೇಳುತ್ತಿದ್ದೆ, ಕೇಳಿದ್ದು ಮುಕ್ಕಾಗಿತ್ತು. ಆದರೆ ಆ ಮುಕ್ಕು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ನಾಲ್ವರೂ ಅದನ್ನು ಮುಚ್ಚಲು ಧಾವಿಸದೆ, ಎರಡು ಕಡೆಯಿಂದ ಹಿಡಿದು ನಿಲ್ಲಿಸಿದ್ದರು. ಎರಡನೇ ಸಲ ಬರುವಾಗ ಐಸಿನ ಚೀಲದ ಮೇಲೆ ನನ್ನ ಬಲಗೈ ಬೆರಳು ತಾನಾಗಿ ಬಡಿಯಿತು. ಸರಿಯಾಗಿ ಕೂತಿತು. ಅಲ್ಲಿ ಕೆಳಗಿರುವವರ ಲೆಕ್ಕದಲ್ಲಿ ಅದು ತಡವೇ.

ಮುಂದಿನ ವಾರ ಮಂಡಿಗೆ ಪಟ್ಟಿ ಸುತ್ತಿಕೊಂಡು ಹೋದೆ. ಡ್ರಮ್ ಏರಿಸಿಕೊಳ್ಳುವಾಗ ಹುಡುಗ ತಿರುಗಿ ನೋಡಿದ.

“ಡ್ಯೂಡ್, ಹೋದ ವಾರ ಹಿಂದೆ ಬರೀ ಗಾಳಿ. ಒಂಥರಾ ಆಗ್ತಿತ್ತು.”

“ಕೇಳಿಸ್ತು,” ಎಂದೆ.

ಅವನು ಮುಂದಕ್ಕೆ ತಿರುಗಿದ. ಕುತ್ತಿಗೆಯ ಮೇಲೆ ಬಿಸಿಲಿಗೆ ಚರ್ಮ ಸುಲಿದಿತ್ತು. ಮೆಟ್ರೊನೋಮ್ ಶುರುವಾಯಿತು. ಸಾಲಿನ ಮುಂದಿನಿಂದ ಯಾರೋ ಬಾಯಲ್ಲಿ ಎಣಿಕೆ ಕೊಟ್ಟರು. ಡಟ್, ಡಟ್, ಡಟ್, ಡಟ್.