ತೆಕೋವದವರ ಎರಡನೆಯ ಪಾಲು

ನಮ್ಮ ಸಭೆಗಳ ಮಕ್ಕಳಲ್ಲಿ ಕೆಲವರು ತಾಲೂಕು ಕಛೇರಿಗಳಲ್ಲಿ ಉದ್ಯೋಗಸ್ಥರಾಗಿದ್ದಾರೆ. ಅಲ್ಲಿ ವಿಧವೆಯೊಬ್ಬಳ ವೇತನದ ಅರ್ಜಿಯು ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಹೋಗಬೇಕಾಗುತ್ತದೆ. ಇಬ್ಬರು ಗುಮಾಸ್ತರು ಒಬ್ಬರೊಡನೊಬ್ಬರು ಮಾತು ಬಿಟ್ಟರೆ ದಂಡ ತೆರುವವಳು ಆಕೆಯೇ. ಕೂಲಿ ಬಿಟ್ಟು, ಬಸ್ಸಿನ ಹಣ ತೆತ್ತು, ಮೂರು ಸಾರಿ ಬಂದುಹೋಗುವಳು. 2011ರ ಸಕಾಲ ಕಾನೂನು ಕೆಲಸಕ್ಕೆ ದಿವಸಗಳನ್ನು ಗೊತ್ತುಮಾಡಿತು, ಒಳ್ಳೆಯದೇ; ಆದರೆ ಹೊಟ್ಟೆಕಿಚ್ಚಿಗೆ ಕಾನೂನು ಮದ್ದಲ್ಲ.

ನೆಹೆಮೀಯನೂ ಅರಸನ ಉದ್ಯೋಗಸ್ಥನೇ. ಆತನು ಯೆರೂಸಲೇಮಿನ ಗೋಡೆಯನ್ನು ಕಟ್ಟಿಸಿದಾಗ ಯಾಜಕರೂ ಅಕ್ಕಸಾಲಿಗರೂ ಗಂಧದ್ರವ್ಯ ಮಾಡುವವರೂ ಒಬ್ಬರ ಪಕ್ಕದಲ್ಲೊಬ್ಬರು ನಿಂತು ದುಡಿದರು. ತೆಕೋವ ಊರಿನ ದೊಡ್ಡವರು ಮಾತ್ರ ಆ ಕೆಲಸಕ್ಕೆ ಹೆಗಲು ಕೊಡಲಿಲ್ಲ. ಆಗ ಆ ಊರಿನ ಸಾಮಾನ್ಯರು, ಅವರು ಮಾಡದ್ದನ್ನು ನಾವೇಕೆ ಮಾಡಬೇಕು ಎನ್ನಬಹುದಾಗಿತ್ತು. ಈ ಮಾತನ್ನು ನಾವು ಕಛೇರಿಯಲ್ಲಿ ಕೇಳಿದ್ದೇವೆ. ನಮ್ಮ ಸಭೆಯ ಕಮಿಟಿಯಲ್ಲಿಯೂ ಕೇಳಿಲ್ಲವೇ? ತೆಕೋವದವರು ಹಾಗೆನ್ನದೆ, ತಮ್ಮ ಪಾಲನ್ನು ಮುಗಿಸಿ, ಓಫೇಲಿನ ಗೋಡೆಯ ವರೆಗೆ ಇನ್ನೊಂದು ಪಾಲನ್ನೂ ಕಟ್ಟಿದರು. ಜೊತೆಯವನು ರಜೆಯಲ್ಲಿರುವಾಗ ಅವನ ಮೇಜಿನ ಮೇಲೆ ನಿಂತುಹೋದ ಅರ್ಜಿಯು ನಮ್ಮ ಮಕ್ಕಳಿಗೆ ಅಂಥ ಇನ್ನೊಂದು ಪಾಲು. ಆ ಗೋಡೆಯೋ, 52 ದಿವಸಗಳಲ್ಲಿ ಮುಗಿಯಿತು.