ಹಬ್ಬವೂ ಪಾಠವೂ

ಮಕ್ಕಳಿಗೆ ವಿದ್ಯೆ ಕಲಿಸುವ ಭಾರವನ್ನು ತಾಯಿತಂದೆಗಳೇ ವಹಿಸಿಕೊಂಡು ಮನೆಯನ್ನೇ ಪಾಠಶಾಲೆಯನ್ನಾಗಿ ಮಾಡಿಕೊಂಡರೆ, ಆ ಮನೆಯಲ್ಲಿ ಹಬ್ಬದ ಸ್ಥಾನವೇನು? ಅದು ಪಾಠಕ್ಕೆ ಬಿಡುವೋ, ಪಾಠದ ಇನ್ನೊಂದು ಬಗೆಯೋ? ಹಬ್ಬದ ದಿನ ಮಗುವಿಗೆ ಹೇಳುವ ಕಥೆ ಸಂತೋಷವನ್ನು ಕೊಟ್ಟರೆ ಸಾಕೋ, ಸತ್ಯವೂ ಆಗಿರಬೇಕೋ? ಮೇಲುನೋಟಕ್ಕೆ ಇವು ಸಣ್ಣ ಪ್ರಶ್ನೆಗಳು. ಆದರೆ ಹಿರಿಯರಾದ ನಾವು ಮಕ್ಕಳಿಗೆ ಸಲ್ಲಿಸಬೇಕಾದ ಋಣವೇನೆಂಬ ದೊಡ್ಡ ಪ್ರಶ್ನೆ ಇವುಗಳ ಬೆನ್ನಿಗೇ ನಿಂತಿದೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪದ್ಧತಿ ಬಹುವಾಗಿ ಹರಡಿರುವುದರಿಂದ, ಅಲ್ಲಿಯ ಶರತ್ಕಾಲದ ವಿಹಾರಗಳನ್ನೂ ಹಬ್ಬಗಳನ್ನೂ ಉದಾಹರಣೆಯಾಗಿಟ್ಟುಕೊಂಡು ವಿಚಾರ ಮಾಡುವುದು ಅನುಕೂಲ.

ಮೊದಲು ಈ ಪದ್ಧತಿಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬೇಕು. ಮಕ್ಕಳನ್ನು ಕಡ್ಡಾಯವಾಗಿ ಶಾಲೆಗೆ ಕಳುಹಬೇಕೆಂಬ ಶಾಸನವನ್ನು ಆ ದೇಶದಲ್ಲಿ ಮೊದಲು ಮಾಡಿದುದು ಮ್ಯಾಸಚೂಸೆಟ್ಸ್ ಸಂಸ್ಥಾನ, 1852ರಲ್ಲಿ. 1918ರ ವೇಳೆಗೆ ಉಳಿದ ಸಂಸ್ಥಾನಗಳೆಲ್ಲವೂ ಅದನ್ನು ಅನುಸರಿಸಿದ್ದವು. ಮಕ್ಕಳು ಸರಕಾರದ ಶಾಲೆಗೇ ಹೋಗತಕ್ಕುದೆಂದು ಆರೆಗಾನ್ ಸಂಸ್ಥಾನವು ಮಾಡಿದ್ದ ಕಾನೂನನ್ನು 1925ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಮಗುವನ್ನು ಬೆಳೆಸುವ ಹಕ್ಕೂ ಹೊಣೆಯೂ ಹೆತ್ತವರದೆಂದು ಎತ್ತಿಹಿಡಿಯಿತು. 1972ರಲ್ಲಿ, ಸರಳಜೀವನದ ವ್ರತ ಹಿಡಿದ ಆಮಿಷ್ ಪಂಗಡದವರು ತಮ್ಮ ಮಕ್ಕಳನ್ನು ಎಂಟನೆಯ ತರಗತಿಯಿಂದಾಚೆಗೆ ಶಾಲೆಗೆ ಕಳುಹಬೇಕಾದುದಿಲ್ಲವೆಂದು ಅದೇ ನ್ಯಾಯಾಲಯವು ತೀರ್ಪುಕೊಟ್ಟಿತು. ಉಪಾಧ್ಯಾಯವೃತ್ತಿಯಲ್ಲಿದ್ದ ಜಾನ್ ಹೋಲ್ಟ್ ಎಂಬವರು, ತರಗತಿಗಳಲ್ಲಿ ಮಕ್ಕಳು ಸೋಲುವುದೇಕೆಂಬುದನ್ನು ಕುರಿತು 1964ರಲ್ಲಿ ಒಂದು ಪುಸ್ತಕವನ್ನು ಬರೆದು, 1977ರಲ್ಲಿ ಮನೆಯಲ್ಲಿ ಕಲಿಸುವವರಿಗಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿದರು. 1993ರ ಹೊತ್ತಿಗೆ ಐವತ್ತು ಸಂಸ್ಥಾನಗಳಲ್ಲಿಯೂ ಈ ಪದ್ಧತಿಗೆ ಕಾನೂನಿನ ಸಮ್ಮತಿ ದೊರೆತಿತ್ತು. 1999ರಲ್ಲಿ ಸುಮಾರು 8,50,000 ಮಕ್ಕಳೂ, 2016ರಲ್ಲಿ ಸುಮಾರು 17 ಲಕ್ಷ ಮಕ್ಕಳೂ ಮನೆಯಲ್ಲಿ ಕಲಿಯುತ್ತಿದ್ದರೆಂದು ಸರಕಾರದ ಅಂದಾಜು.

ಇಂಥ ಮನೆಗಳಿಗೆ ಶರದೃತುವು ವಿಶೇಷವಾದ ಕಾಲ. ಬೇರೆ ಮಕ್ಕಳು ಮಣೆಗಳ ಮೇಲೆ ಕುಳಿತು ಬೋಧೆ ಕೇಳುತ್ತಿರುವ ಮಂಗಳವಾರದ ಬೆಳಗ್ಗೆ ಇವರು ಬುತ್ತಿ ಕಟ್ಟಿಕೊಂಡು ಸೇಬಿನ ತೋಟಕ್ಕೆ ಹೊರಡಬಹುದು. ಮರದಿಂದ ಹಣ್ಣನ್ನು ತಾವೇ ಕೀಳಬಹುದು. ಹಣ್ಣನ್ನು ಅರೆದು ರಸ ಹಿಂಡುವ ಯಂತ್ರವನ್ನು ಕಣ್ಣಾರೆ ನೋಡಬಹುದು. ಸಿಹಿಗುಂಬಳದ ಹೊಲದಲ್ಲಿ ತಮಗೊಪ್ಪುವ ಕಾಯನ್ನು ಆರಿಸಿ ಹೊತ್ತು ತರಬಹುದು. ಕಾಡಿನ ದಾರಿಯಲ್ಲಿ ಮೇಪಲ್ ಮರದ ಎಲೆ ಕೆಂಪಾಗಿರುವುದನ್ನು ಕಂಡು ಮಗು ಏಕೆಂದು ಕೇಳಿದರೆ, ಉತ್ತರಕ್ಕೆ ಗಂಟೆಯ ಹಂಗಿಲ್ಲ. ಹಗಲು ಕುಗ್ಗಿ ಚಳಿ ಮೊದಲಾದಾಗ ಎಲೆಯಲ್ಲಿನ ಪತ್ರಹರಿತ್ತು ಕರಗಿಹೋಗುವುದು. ಮೊದಲಿನಿಂದಲೂ ಎಲೆಯಲ್ಲಿದ್ದು ಹಸುರಿನಲ್ಲಿ ಮರೆಯಾಗಿದ್ದ ಹಳದಿ ಆಗ ಹೊರಗೆ ತೋರುವುದು. ಕೆಂಪಾದರೋ ಆ ಋತುವಿನಲ್ಲಿ ಎಲೆಯು ತನ್ನಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಮಾಡಿಕೊಳ್ಳುವ ಬಣ್ಣ. ಎಲೆಯನ್ನು ಕೈಯಲ್ಲಿ ಹಿಡಿದು ಕೇಳಿದ ಈ ಮಾತು ಪುಸ್ತಕದಲ್ಲಿ ಓದಿದುದಕ್ಕಿಂತ ಹೆಚ್ಚು ಕಾಲ ನಿಲ್ಲುವುದೆಂಬುದರಲ್ಲಿ ಸಂದೇಹವಿಲ್ಲ. ಇಂಗ್ಲೆಂಡಿನ ಷಾರ್ಲೆಟ್ ಮೇಸನ್ (1842–1923) ಎಂಬಾಕೆ ಮಕ್ಕಳು ಪ್ರತಿದಿನವೂ ಹೊರಗೆ ತಿರುಗಾಡಿ ತಾವು ಕಂಡುದನ್ನು ಒಂದು ಪುಸ್ತಕದಲ್ಲಿ ಬರೆದು ಚಿತ್ರಿಸಬೇಕೆಂದು ಉಪದೇಶಿಸಿದಳು. ಅಮೆರಿಕಾದ ಅನೇಕ ಮನೆಗಳಲ್ಲಿ ಇಂದಿಗೂ ಆಕೆಯ ಮಾತೇ ಪ್ರಮಾಣ.

ಇಷ್ಟು ಗುಣವನ್ನು ಒಪ್ಪಿಕೊಂಡ ಮೇಲೆ ದೋಷದ ಸಂಭವವನ್ನೂ ನೋಡತಕ್ಕುದು. ಶಾಲೆಯ ಮಗುವಿಗೆ ಗಂಟೆ ಬಾರಿಸಿದೊಡನೆ ಪಾಠ ಮುಗಿಯಿತು. ಮನೆಯೇ ಶಾಲೆಯಾದ ಮಗುವಿಗೆ ಗಂಟೆಯನ್ನು ಬಾರಿಸುವವರಾರು? ಸೇಬನ್ನು ಕೀಳುವಾಗ ಲೆಕ್ಕ, ಕುಂಬಳವನ್ನು ಕೊಯ್ಯುವಾಗ ಸಸ್ಯಶಾಸ್ತ್ರ, ಕಡುಬು ಬೇಯುವಾಗ ಅಳತೆ ಎಂದು ಎಲ್ಲಕ್ಕೂ ಪಾಠದ ಬಣ್ಣ ಬಳಿದರೆ ಹಣ್ಣಿನ ರುಚಿ ಎಲ್ಲಿ ಉಳಿದೀತು? ಯಾವುದೋ ಒಂದು ಪ್ರಯೋಜನಕ್ಕಾಗಿ ಮಾಡಿದ ಹಬ್ಬವು ಆ ಪ್ರಯೋಜನದ ಆಳಾಗುವುದೇ ಹೊರತು ಹಬ್ಬವಾಗಿ ಉಳಿಯದು.

ಇಲ್ಲಿ ನಮ್ಮ ನಾಡಿನ ಒಂದು ಆಚಾರವನ್ನು ನೆನೆಯಬಹುದು. ಅದೇ ಶರದೃತುವಿನಲ್ಲಿ ಬರುವ ನವರಾತ್ರಿಯಲ್ಲಿ, ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಜೋಡಿಸಿ ಸರಸ್ವತಿಯನ್ನು ಆವಾಹಿಸುತ್ತೇವೆ. ಪೂಜೆಗಿಟ್ಟ ಪುಸ್ತಕವನ್ನು ಮರಳಿ ತೆಗೆಯುವವರೆಗೂ ಓದಬಾರದೆಂಬುದು ಹಿರಿಯರ ಕಟ್ಟಳೆ. ವಿದ್ಯೆಯ ಅಧಿದೇವತೆಯ ಹಬ್ಬದಲ್ಲಿಯೇ ವಿದ್ಯಾಭ್ಯಾಸಕ್ಕೆ ಬಿಡುವು! ಇದರಲ್ಲಿ ಒಂದು ವಿವೇಕವಿದೆ. ಪೂಜಿಸತಕ್ಕ ವಸ್ತುವನ್ನು ಆ ದಿನದ ಮಟ್ಟಿಗಾದರೂ ಉಪಯೋಗಿಸದೆ ಸುಮ್ಮನೆ ನೋಡಬೇಕೆಂಬುದೇ ಆ ವಿವೇಕ. ಅಮೆರಿಕಾದಲ್ಲಿ ನೆಲೆಸಿ ಅಲ್ಲಿಯೂ ಗೊಂಬೆಗಳನ್ನು ಕೂರಿಸುವ ಕನ್ನಡದ ಮನೆಗಳವರಿಗೆ ಇದು ಹೊಸ ಮಾತಲ್ಲ. ಮನೆಯಲ್ಲಿ ಕಲಿಸುವ ತಾಯಿಯೂ ವರ್ಷದ ಕೆಲವು ದಿನಗಳನ್ನು ಹೀಗೆ ಮೀಸಲಿಟ್ಟರೆ ಮಗುವಿಗೆ ಹಬ್ಬ ದೊರೆಯುವುದು. ಉಪಾಧ್ಯಾಯಿನಿಯಾದ ಆಕೆಗೂ ಬರಿಯ ತಾಯಿಯಾಗಿರುವ ಒಂದು ದಿನ ದೊರೆಯುವುದು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿನವಾದುದು. ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಆ ದೇಶದವರು ಕೃತಜ್ಞತೆಯ ಹಬ್ಬವನ್ನು ಆಚರಿಸುವರು. ಅದರ ಕಥೆಯನ್ನು ಮಕ್ಕಳಿಗೆ ಸಾಮಾನ್ಯವಾಗಿ ಹೇಳುವ ರೀತಿ ಹೀಗೆ: ಧರ್ಮಸ್ವಾತಂತ್ರ್ಯವನ್ನರಸಿ ಹಡಗಿನಲ್ಲಿ ಬಂದ ಆಂಗ್ಲರು ಹಸಿವಿನಿಂದ ಬಳಲಿದರು, ಮೂಲನಿವಾಸಿಗಳು ಅವರಿಗೆ ಜೋಳ ಬೆಳೆಯುವುದನ್ನು ಕಲಿಸಿದರು, ಸುಗ್ಗಿಯಾದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಉಂಡರು. ಈ ಕಥೆಯಲ್ಲಿ ಸುಳ್ಳು ಹೆಚ್ಚಿಲ್ಲ. 1620ರಲ್ಲಿ ಬಂದ ನೂರೆರಡು ಪ್ರಯಾಣಿಕರಲ್ಲಿ ಅರ್ಧದಷ್ಟು ಮಂದಿ ಮೊದಲ ಚಳಿಗಾಲದಲ್ಲಿಯೇ ಮಡಿದರು. 1621ರ ಸುಗ್ಗಿಯಲ್ಲಿ ವಾಂಪನೋಗ್ ಜನರ ಮುಖ್ಯಸ್ಥನಾದ ಮ್ಯಾಸಸಾಯಿಟನು ತೊಂಬತ್ತು ಮಂದಿಯೊಡನೆ ಬಂದು ಮೂರು ದಿನ ಇದ್ದನೆಂದೂ, ಅವರು ಐದು ಜಿಂಕೆಗಳನ್ನು ತಂದುಕೊಟ್ಟರೆಂದೂ ಎಡ್ವರ್ಡ್ ವಿನ್‌ಸ್ಲೋ ಎಂಬವನು ಕಾಗದ ಬರೆದಿದ್ದಾನೆ.

ಆದರೆ ಕಥೆ ಎಲ್ಲಿ ಮೊದಲಾಗುವುದು, ಎಲ್ಲಿ ನಿಲ್ಲುವುದು ಎಂಬುದರಲ್ಲಿಯೇ ಅಸತ್ಯವು ಅಡಗಿಕೊಳ್ಳಬಹುದು. ಜೋಳದ ಬೇಸಾಯವನ್ನು ಕಲಿಸಿದ ಟಿಸ್ಕ್ವಾಂಟಮನಿಗೆ ಇಂಗ್ಲಿಷು ಹೇಗೆ ಬಂತು? 1614ರಲ್ಲಿ ಒಬ್ಬ ಆಂಗ್ಲ ನಾವಿಕನು ಅವನನ್ನು ಮೋಸದಿಂದ ಹಿಡಿದೊಯ್ದು ಸ್ಪೇನಿನಲ್ಲಿ ಮಾರಲು ಹೊರಟನು. ಅಲ್ಲಿಂದ ಇಂಗ್ಲೆಂಡಿಗೆ ಸೇರಿ, 1619ರಲ್ಲಿ ತನ್ನೂರಾದ ಪಟುಕ್ಸೆಟಿಗೆ ಅವನು ಮರಳಿದಾಗ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಸಾಂಕ್ರಾಮಿಕ ರೋಗವೊಂದು ಎಲ್ಲರನ್ನೂ ಒಯ್ದಿತ್ತು. ಆ ಹಾಳೂರಿನ ನೆಲದ ಮೇಲೆಯೇ ಬಂದವರು ತಮ್ಮ ಪ್ಲಿಮತ್ ಊರನ್ನು ಕಟ್ಟಿದರು. ಇದು ಔತಣಕ್ಕೆ ಮೊದಲಿನ ಮಾತು. ಅನಂತರದ ಮಾತು ಇನ್ನೂ ಕಹಿ. ಐವತ್ತು ವರ್ಷ ಕಳೆದ ಮೇಲೆ, 1675ರಲ್ಲಿ, ಮ್ಯಾಸಸಾಯಿಟನ ಮಗ ಮೆಟಾಕಾಮನಿಗೂ ಆಂಗ್ಲರಿಗೂ ಯುದ್ಧ ಹತ್ತಿತು. ಮರುವರ್ಷ ಅವನು ಹತನಾದನು. ಅವನ ತಲೆಯನ್ನು ಕಂಬಕ್ಕೆ ಚುಚ್ಚಿ, ತಂದೆಯು ಅತಿಥಿಯಾಗಿ ಬಂದಿದ್ದ ಅದೇ ಪ್ಲಿಮತಿನಲ್ಲಿ ಹಲವು ವರ್ಷ ನಿಲ್ಲಿಸಿದ್ದರು.

ಈ ಔತಣಕ್ಕೂ ರಾಷ್ಟ್ರದ ಹಬ್ಬಕ್ಕೂ ಇರುವ ನಂಟು ಸಹ ತಡವಾಗಿ ಬಂದುದು. 1841ರಲ್ಲಿ ಅಲೆಕ್ಸಾಂಡರ್ ಯಂಗ್ ಎಂಬ ಪಾದ್ರಿಯು ಹಳೆಯ ಕಾಗದವನ್ನು ಅಚ್ಚುಹಾಕಿಸಿದಾಗ ಅದನ್ನು ಮೊದಲನೆಯ ಕೃತಜ್ಞತೆಯ ಹಬ್ಬವೆಂದು ಕರೆದನು. ಪತ್ರಿಕಾ ಸಂಪಾದಕಿಯಾದ ಸಾರಾ ಹೇಲ್ ಎಂಬಾಕೆ ಬಹುಕಾಲ ಒತ್ತಾಯ ಮಾಡಿದ ಮೇಲೆ, ಅಂತರ್ಯುದ್ಧದ ನಡುವೆ, 1863ರಲ್ಲಿ ಅಧ್ಯಕ್ಷ ಲಿಂಕನ್ ಇದನ್ನು ಇಡೀ ರಾಷ್ಟ್ರದ ಹಬ್ಬವೆಂದು ಸಾರಿದರು. ಈಗಿನ ದಿನವನ್ನು ಗೊತ್ತುಮಾಡಿದ ಕಾನೂನು 1941ರದು. 1970ರಲ್ಲಿ, ಹಡಗು ಬಂದ 350ನೆಯ ವರ್ಷದ ಉತ್ಸವಕ್ಕೆ ವಾಂಪನೋಗ್ ಜನರ ಫ್ರಾಂಕ್ ಜೇಮ್ಸ್ ಅವರನ್ನು ಭಾಷಣಕ್ಕೆ ಕರೆದು, ಅವರು ಬರೆದುದನ್ನು ಮುಂದಾಗಿ ನೋಡಿದವರು ಅದನ್ನು ಓದಗೊಡಲಿಲ್ಲ. ಆ ವರ್ಷ ಅದೇ ಗುರುವಾರ ಮೂಲನಿವಾಸಿಗಳು ಪ್ಲಿಮತಿನ ಗುಡ್ಡದ ಮೇಲೆ ಸೇರಿ ಶೋಕದಿನವನ್ನು ಆಚರಿಸಿದರು. ಅಂದಿನಿಂದ ಅದು ವರ್ಷವರ್ಷವೂ ನಡೆದುಬಂದಿದೆ.

ಹೀಗಿರಲು, ಮೇಜಿನ ಸುತ್ತ ಕುಳಿತ ಮಕ್ಕಳಿಗೆ ತಂದೆಯು ಯಾವ ಕಥೆಯನ್ನು ಹೇಳಬೇಕು? ಮಕ್ಕಳು ಎಳೆಯರು, ಹಬ್ಬದ ಊಟದಲ್ಲಿ ಕಹಿಯನ್ನು ಏಕೆ ಬೆರೆಸಬೇಕು, ಎಂಬುದು ಒಂದು ಪೂರ್ವಪಕ್ಷ. ಇದು ಅಲ್ಲಗಳೆಯತಕ್ಕ ಮಾತಲ್ಲ. ಆರು ವರ್ಷದ ಕೂಸಿಗೆ ಕಂಬಕ್ಕೆ ಚುಚ್ಚಿದ ತಲೆಯ ವರ್ಣನೆ ಬೇಡ. ಆದರೆ ಹೇಳದೆ ಇರುವುದು ಬೇರೆ, ಇಲ್ಲದುದನ್ನು ಹೇಳುವುದು ಬೇರೆ. ‘ಅವರು ಅನ್ನವಿತ್ತರು’ ಎಂದು ಇಂದು ಹೇಳಿ, ‘ಅವರಿಗೆ ಮುಂದೆ ಅನ್ಯಾಯವಾಯಿತು’ ಎಂದು ನಾಲ್ಕು ವರ್ಷದ ಮೇಲೆ ಹೇಳಿದರೆ ಅದು ವಯಸ್ಸಿಗೆ ತಕ್ಕ ಬೋಧೆ. ‘ಆಮೇಲೆ ಎಲ್ಲರೂ ಸುಖವಾಗಿದ್ದರು’ ಎಂದು ಮುಗಿಸಿದರೆ ಅದು ವಂಚನೆ. ಮೊದಲನೆಯದಕ್ಕೆ ಮುಂದೆ ಸೇರಿಸಬಹುದು. ಎರಡನೆಯದನ್ನು ಮುಂದೊಂದು ದಿನ ಕೀಳಬೇಕಾಗುವುದು, ಕೀಳುವಾಗ ಹೇಳಿದವರ ಮೇಲಿನ ನಂಬಿಕೆಯೂ ಅದರೊಡನೆ ಕಿತ್ತುಬರುವುದು.

ಶಾಲೆಗಳಲ್ಲಿಯಾದರೂ ಇದೇ ಕಥೆಯನ್ನು ಕಾಗದದ ಗರಿ ಕಟ್ಟಿ ಆಡಿಸಿಲ್ಲವೇ, ಮನೆಯವರನ್ನು ಮಾತ್ರ ಏಕೆ ಆಕ್ಷೇಪಿಸಬೇಕು, ಎಂದು ಮತ್ತೊಬ್ಬರು ಕೇಳಬಹುದು. ನಿಜ, ಶಾಲೆಯೇ ಸತ್ಯಕ್ಕೆ ಹೊಣೆಯಲ್ಲ. ಆದರೆ ಒಂದು ಭೇದವುಂಟು. ಶಾಲೆಯ ಮಗು ಒಬ್ಬ ಗುರುವಿನಿಂದ ಕೇಳಿದುದನ್ನು ಇನ್ನೊಬ್ಬರಲ್ಲಿ ಒರೆಗೆ ಹಚ್ಚಬಹುದು. ಪಕ್ಕದಲ್ಲಿ ಕುಳಿತ ಬೇರೆ ಮನೆಯ ಮಗು ‘ನಮ್ಮ ಅಜ್ಜಿ ಹಾಗೆ ಹೇಳುವುದಿಲ್ಲ’ ಎನ್ನಬಹುದು. ಮನೆಯ ಶಾಲೆಯಲ್ಲಿ ಕಥೆ ಹೇಳುವವರು, ಪುಸ್ತಕವನ್ನು ಆರಿಸುವವರು, ಪರೀಕ್ಷಿಸುವವರು, ಮುದ್ದಿಸುವವರು ಎಲ್ಲರೂ ಒಬ್ಬರೇ. ಇಷ್ಟು ಅಧಿಕಾರವು ಯಾವ ದೊರೆಗೂ ಇಲ್ಲ. ಪ್ರೀತಿಯು ಈ ಅಧಿಕಾರವನ್ನು ಮೃದುಗೊಳಿಸುವುದು ದಿಟ. ಆದರೆ ಪ್ರೀತಿಯಿಂದ ಹೇಳಿದ ಅರೆಸತ್ಯವು ಗದರಿಸಿ ಹೇಳಿದುದಕ್ಕಿಂತ ಆಳವಾಗಿ ಬೇರೂರುವುದೂ ಅಷ್ಟೇ ದಿಟ. 1972ರ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಡಗ್ಲಸ್ ಅವರು ಒಂದಂಶದಲ್ಲಿ ಬೇರೆಯ ಮತವನ್ನು ಬರೆದರು: ಹೆತ್ತವರ ಮಾತನ್ನು ಕೇಳಿದೆವು, ಸರಕಾರದ ಮಾತನ್ನು ಕೇಳಿದೆವು, ಮಕ್ಕಳ ಮಾತನ್ನೂ ಕೇಳಬೇಡವೇ, ಎಂಬುದು ಅದರ ತಾತ್ಪರ್ಯ. ಈ ಪ್ರಶ್ನೆಯು ನ್ಯಾಯಾಲಯದಲ್ಲಿ ಮುಗಿದರೂ ಮನೆಗಳಲ್ಲಿ ಮುಗಿಯತಕ್ಕುದಲ್ಲ.

ಆದಕಾರಣ, ಮನೆಯಲ್ಲಿ ಕಲಿಸುವವರು ತಮ್ಮ ದನಿಯಲ್ಲದ ದನಿಯನ್ನು ತಾವೇ ಮನೆಗೆ ಕರೆತರಬೇಕಾಗುವುದು. ಅಕ್ಟೋಬರ್ 31ರ ಸಂಜೆ ಮಕ್ಕಳು ವೇಷ ಹಾಕಿಕೊಂಡು ನೆರೆಯವರ ಬಾಗಿಲು ತಟ್ಟಿ ಮಿಠಾಯಿ ಬೇಡುವ ಹಬ್ಬವನ್ನು, ಭೂತಪ್ರೇತಗಳ ಸೋಂಕು ಬೇಡವೆಂದು ಕೆಲವು ದೈವಭಕ್ತ ಕುಟುಂಬಗಳು ಬಿಟ್ಟು, ಬದಲಾಗಿ ತಮ್ಮವರೊಡನೆ ಸುಗ್ಗಿಯ ಕೂಟವನ್ನು ನಡೆಸುವವು. ಅವರ ಶ್ರದ್ಧೆಯನ್ನು ಹೀಗಳೆಯಬೇಕಾದುದಿಲ್ಲ. ಆದರೆ ಪರರ ಬಾಗಿಲನ್ನು ತಟ್ಟುವ ಒಂದು ದಿನವನ್ನು ಬಿಟ್ಟ ಮೇಲೆ ಬೇರೊಂದು ದಿನ ಬೇರೊಂದು ಬಾಗಿಲನ್ನು ತಟ್ಟಿಸಬೇಕು. ಏಕೆಂದರೆ ತನ್ನ ಮನೆಯ ಹೊಸಿಲನ್ನು ದಾಟದ ವಿದ್ಯೆಯು ಎಷ್ಟು ಶುದ್ಧವಾದರೂ ಕುಂಡದ ಗಿಡ.

ಕಡೆಯದಾಗಿ ಹಬ್ಬದ ಹೆಸರನ್ನೇ ವಿಚಾರಿಸೋಣ. ಕೃತಜ್ಞತೆಯೆಂದರೆ ಮಾಡಿದುದನ್ನು ಅರಿತಿರುವುದು. ಅರಿವಿಲ್ಲದೆ ಕೃತಜ್ಞತೆಯಿಲ್ಲ; ಆ ಶಬ್ದದಲ್ಲಿಯೇ ಜ್ಞಾನವು ಸೇರಿದೆ. ಯಾರು ಇತ್ತರು, ಏನನ್ನು ಕಳೆದುಕೊಂಡಿದ್ದು ಇತ್ತರು, ಇತ್ತವರ ಗತಿ ಏನಾಯಿತು ಎಂಬುದನ್ನು ಮರೆತು ಉಂಡ ಊಟವು ತೃಪ್ತಿಯಾದೀತೇ ಹೊರತು ಕೃತಜ್ಞತೆಯಾಗದು. ಎಲ್ಲರನ್ನೂ ಕಳೆದುಕೊಂಡ ಟಿಸ್ಕ್ವಾಂಟಮನು ತನ್ನವರ ನೆಲದ ಮೇಲೆ ಬಂದು ನೆಲಸಿದವರಿಗೆ ಬೀಜದ ಬುಡಕ್ಕೆ ಮೀನಿನ ಗೊಬ್ಬರ ಹಾಕುವುದನ್ನು ಕಲಿಸಿದನೆಂದು ತಿಳಿದ ಮಗುವಿಗೆ ತಟ್ಟೆಯ ಜೋಳವು ಕಹಿಯಾಗುವುದಿಲ್ಲ, ಭಾರವಾಗುವುದು. ಆ ಭಾರವೇ ಕೃತಜ್ಞತೆ. ಸತ್ಯವು ಹಬ್ಬಕ್ಕೆ ಹಗೆಯೆಂಬ ಅಂಜಿಕೆಯು ಹೀಗೆ ನಿರಾಧಾರವಾದುದು. ಸತ್ಯವೇ ಆ ಹಬ್ಬಕ್ಕೆ ಬೇಕಾದ ಮೊದಲ ಸಾಮಗ್ರಿ. ಅದೇ ಖಂಡದ ಹೌಡೆನೊಶೋನಿ ಜನರು ವರ್ಷಕ್ಕೊಂದು ದಿನಕ್ಕೆ ಕಾಯದೆ, ಸಭೆ ಸೇರಿದಾಗ ಬೇರೆ ಮಾತಿಗೆ ಮೊದಲು ಭೂಮಿಗೂ ನೀರಿಗೂ ಗಿಡಮರಗಳಿಗೂ ಸೂರ್ಯಚಂದ್ರರಿಗೂ ಒಂದೊಂದಾಗಿ ಹೆಸರು ಹಿಡಿದು ವಂದನೆ ಹೇಳುವರು. ಹೆಸರು ಹಿಡಿದು ಹೇಳುವುದೆಂದರೆ ಅರಿತು ಹೇಳುವುದು.

ವಿಹಾರದಲ್ಲಿ ಬಿಡುವು, ಹಬ್ಬದಲ್ಲಿ ಸತ್ಯ, ಮನೆಯಲ್ಲಿ ಪರರ ದನಿಗೆ ಎಡೆ: ಈ ಮೂರು ಇದ್ದಲ್ಲಿ ಮನೆಯು ಶಾಲೆಯಾದರೂ ಕೆಡದು, ಇಲ್ಲದಲ್ಲಿ ಮಗುವನ್ನು ಎಷ್ಟು ದೊಡ್ಡ ಶಾಲೆಗೆ ಕಳುಹಿದರೂ ತೀರದು. ಮಕ್ಕಳನ್ನು ಶಾಲೆಗೆ ಕಳುಹಿಸುವ ನಾವೂ ಹಬ್ಬದ ದಿನ ಉಪಾಧ್ಯಾಯರೇ ಆಗಿರುತ್ತೇವೆ. ಎಣ್ಣೆ ನೀರಿನ ನಡುವೆ, ದೀಪ ಹಚ್ಚುವ ನಡುವೆ, ‘ಇದೇಕೆ?’ ಎಂದು ಮಗು ಕೇಳಿದಾಗ ನಾವು ಕೊಡುವ ಉತ್ತರವನ್ನು ತಿದ್ದಲು ಬೇರೆ ಯಾರೂ ಅಲ್ಲಿರುವುದಿಲ್ಲ.